ರೂಮ್ ನಂಬರ್ ಇಲ್ಲದ ನಾಣ್ಯಗಳು

"ಇವನ ಮನೆ ಹಾಳಾಗ! ಬಟ್ಟೆ ಇನ್ನೂ ನೀರಲ್ಲಿರೋವಾಗಲೇ ಮಷಿನ್ ಬಿಚ್ಚಬೇಕಿತ್ತಾ?"

ಪರದೇಶದ ಆ ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅಕ್ಕನನ್ನು ಬಿಟ್ಟರೆ ತನ್ನ ಭಾಷೆ ಇನ್ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯದಲ್ಲಿ ಅವಳು ಬೈದಿದ್ದಳು. ಮೂರನೇ ಮಷಿನ್ನಿನ ಹಿಂದಿನಿಂದ ಹೊಸ ಮೆಕ್ಯಾನಿಕ್ ತಲೆ ಹೊರಗೆ ಹಾಕಿದ. ಗಲ್ಲದ ತುಂಬ ಸೋಪಿನ ನೊರೆ.

"ಹಾಳಾಗೋಕೆ ಮೊದಲು ಮನೆ ಕಟ್ಟಬೇಕಲ್ರೀ," ಎಂದ. ಅಚ್ಚ ಕನ್ನಡ!

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಅವಳಿಗೆ. ಇಸ್ತ್ರಿ ಮೇಜಿನ ಹತ್ತಿರ ನಿಂತಿದ್ದ ಅಕ್ಕ ಸೆರಗಿಲ್ಲದ್ದರಿಂದ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಅವನು ಒದ್ದೆ ಕೈ ಬಿಡಿಸಿ ತೋರಿಸಿದ. ಪಂಪಿಗೆ ಸಿಕ್ಕಿಹಾಕಿಕೊಂಡಿದ್ದ ಮೂರು ನಾಣ್ಯಗಳು, ಮೂರೂ ಬೇರೆ ಬೇರೆ ದೇಶದವು. ನಾಚಿಕೆ ಎಲ್ಲಿ ಹೋಯಿತೋ, ಅವಳು ಕೈ ಚಾಚಿಯೇಬಿಟ್ಟಳು.

ಆ ಲಾಂಡ್ರಿಗೆ ಒಂದು ನಿಯಮವಿತ್ತು. ಜೇಬಿನಲ್ಲಿ ಸಿಕ್ಕಿದ್ದನ್ನು ಕವರಿಗೆ ಹಾಕಿ, ರೂಮ್ ನಂಬರ್ ಬರೆದು ಆಫೀಸಿಗೆ ಕೊಡಬೇಕು. ಆದರೆ ಪಂಪಿನಲ್ಲಿ ಸಿಕ್ಕಿದ್ದಕ್ಕೆ ಯಾವ ನಂಬರ್ ಬರೆಯುವುದು? ಹತ್ತು ರೂಮಿನ ಬಟ್ಟೆ ಒಟ್ಟಿಗೆ ತಿರುಗಿರುತ್ತದೆ! ಹಳೆಯ ಮೆಕ್ಯಾನಿಕ್ ಅವನ್ನೆಲ್ಲ ಕಸಕ್ಕೆ ಎಸೆಯುತ್ತಿದ್ದ. ಇವಳು ಕಸದಿಂದ ಆರಿಸಿ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿ ತನ್ನ ಲಾಕರಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಪಟ್ಟಿ ಇಲ್ಲ, ಪುಸ್ತಕ ಇಲ್ಲ. ರಜೆಯ ದಿನ ರೂಮಿಗೆ ಒಯ್ದು ಹಾಸಿಗೆ ಮೇಲೆ ಸುರುವಿಕೊಂಡು, ಯಾವುದರಲ್ಲಿ ಮೀನಿದೆ, ಯಾವುದರಲ್ಲಿ ಮೀಸೆಯವನಿದ್ದಾನೆ ಅಂತ ನೋಡುವುದು, ಅಷ್ಟೇ ಅವಳ ಖುಷಿ.

ಅಂದಿನಿಂದ ಪ್ರತಿ ಮಂಗಳವಾರ ಅವನು ಪಂಪ್ ಬಿಚ್ಚಿ ತೊಳೆಯುತ್ತಿದ್ದ. ಸಿಕ್ಕ ನಾಣ್ಯಗಳನ್ನು ಬಟ್ಟೆಯ ಚೂರಿನಲ್ಲಿ ಸುತ್ತಿ ಸೋಪಿನ ಪುಡಿಯ ಡಬ್ಬದ ಮೇಲೆ ಇಟ್ಟು ಹೋಗುತ್ತಿದ್ದ. ಮೊದಮೊದಲು ಮಾತು ನಾಣ್ಯದ್ದು. ಆಮೇಲೆ ಊರಿನದು, ಮನೆಯದು. ಅವಳು ಅಣ್ಣನ ವಿಷಯವನ್ನೂ ಹೇಳಿಕೊಂಡಿದ್ದಳು. ಹೊರಡುವ ದಿನ ಅಣ್ಣ ಬಾಗಿಲಲ್ಲಿ ಅಡ್ಡ ನಿಂತು, ಹೆಣ್ಣುಮಗಳು ಒಬ್ಬಳೇ ಹೋಗಿ ಮನೆತನದ ಮಾನ ಕಳೆಯುತ್ತಾಳೆ ಅಂದಿದ್ದ. ಅದನ್ನು ಸುಳ್ಳು ಮಾಡುವುದೇ ಈ ಎರಡು ವರ್ಷ ಅವಳ ಬದುಕಾಗಿತ್ತು.

ಮಂಗಳವಾರ ಬಂದರೆ ಅವಳು ಎರಡು ಸಲ ತಲೆ ಬಾಚಿಕೊಳ್ಳುತ್ತಾಳೆ ಅಂತ ಇಸ್ತ್ರಿ ಅಕ್ಕ ಕಾಡುತ್ತಿದ್ದಳು. ಸುಳ್ಳೇನಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಗೋಡೆಗೆ ಚೀಟಿ ಅಂಟಿತು.

ವಯಸ್ಸಾದ ಅತಿಥಿಯೊಬ್ಬರ ಪ್ಯಾಂಟಿನ ಜೇಬಿನಲ್ಲಿದ್ದ ನಾಣ್ಯ ಕಾಣೆಯಾಗಿದೆ. ತೆಳ್ಳಗಿದೆ, ನಡುವೆ ತೂತು, ಅಂಚಿನಲ್ಲಿ ಗೀಚಿದ ಎರಡು ಅಕ್ಷರ. ತೀರಿಹೋದ ಹೆಂಡತಿ ಕೊಟ್ಟಿದ್ದಂತೆ. ನಾಲ್ಕು ಗಂಟೆಗೆ ಎಲ್ಲರ ಲಾಕರ್ ತೆರೆಸುತ್ತಾರೆ. ಅತಿಥಿಗಳ ವಸ್ತು ಯಾರ ಬಳಿ ಸಿಕ್ಕರೂ ಕೆಲಸವೂ ಇಲ್ಲ, ಪರ್ಮಿಟ್ಟೂ ಇಲ್ಲ, ಊರಿನ ಹಾದಿ.

ಅವಳು ಲಾಕರಿಗೆ ಓಡಿದಳು. ಲಾಕರಿನ ಬಾಗಿಲ ಮರೆಯಲ್ಲಿ ಡಬ್ಬಿ ಕೆದಕಿದಳು. ಇತ್ತು... ತೂತಿನ ನಾಣ್ಯ, ಎರಡು ಅಕ್ಷರ. ಹೋದ ಮಂಗಳವಾರ ಅವನು ಇಟ್ಟುಹೋದದ್ದರಲ್ಲೇ ಬಂದದ್ದು!

ಈಗ ಏನು ಮಾಡುವುದು? ಅವನು ಕೊಟ್ಟ ಅಂದರೆ ಅವನು ಹೋಗುತ್ತಾನೆ. ಅನ್ನದಿದ್ದರೆ ನಾನು ಹೋಗುತ್ತೇನೆ. ಹೋದವಳು ಕಳ್ಳಿ ಅನ್ನಿಸಿಕೊಂಡು ಬಂದಳು ಅಂತ ಅಣ್ಣ ಊರಿಗೆಲ್ಲ ಕೇಳುವಂತೆ ಹೇಳುತ್ತಾನೆ. ಅಮ್ಮ ತಲೆ ಎತ್ತಿ ತಿರುಗುವುದು ಹೇಗೆ?

ಅವನನ್ನೇ ಕೇಳೋಣವೆಂದು ಮೆಟ್ಟಿಲು ಹತ್ತಿದಳು. ಮ್ಯಾನೇಜರ್ ಕೋಣೆಯ ಗಾಜಿನ ಬಾಗಿಲಾಚೆ ಅವನು ನಿಂತಿದ್ದ. ಏನೋ ಹೇಳುತ್ತಿದ್ದ. ಕೆಳಗೆ, ಲಾಂಡ್ರಿಯ ಕಡೆಗೆ ಕೈ ತೋರಿಸುತ್ತಿದ್ದ. ಮ್ಯಾನೇಜರ್ ಬರೆದುಕೊಳ್ಳುತ್ತಿದ್ದರು.

ಅವಳು ಗೋಡೆಯ ಮರೆಗೆ ಸರಿದಳು. ಡಬ್ಬಿಯ ವಿಷಯ ಗೊತ್ತಿದ್ದದ್ದು ಅವನಿಗೆ, ಅಕ್ಕನಿಗೆ, ಇಬ್ಬರಿಗೇ. ತನ್ನ ಕುತ್ತಿಗೆ ಉಳಿಸಿಕೊಳ್ಳಲು ನನ್ನ ಹೆಸರು ಹೇಳಿಬಿಟ್ಟನೇ?

ಕೆಳಗೆ ಬಂದು ಅಕ್ಕನ ಹೆಗಲ ಮೇಲೆ ಬಿದ್ದು ಅತ್ತಳು. ಅಕ್ಕ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ ಎಂದು ತಲೆ ಸವರಿದಳು. ಡಬ್ಬಿಯನ್ನು ಈಗಲೇ ಹಿತ್ತಲಿನ ಚರಂಡಿಗೆ ಸುರಿದುಬಿಡು, ಹಾವೂ ಸಾಯಲ್ಲ ಕೋಲೂ ಮುರಿಯಲ್ಲ ಅಂತಲೂ ಹೇಳಿಕೊಟ್ಟಳು.

ಗಡಿಯಾರ ಮೂರೂವರೆ ತೋರಿಸುತ್ತಿತ್ತು.

ಅವಳು ಡಬ್ಬಿ ಹಿಡಿದು ಹಿತ್ತಲಿಗೆ ಹೋದದ್ದು ನಿಜ. ಚರಂಡಿಯ ಕಬ್ಬಿಣದ ಜಾಲರಿಯ ಮೇಲೆ ಬಗ್ಗಿದ್ದೂ ನಿಜ. ಆದರೆ ಆ ಮುದುಕರ ಹೆಂಡತಿ ಇನ್ನೊಂದು ಸಲ ಸತ್ತ ಹಾಗೆ ಆಗುತ್ತದಲ್ಲ ಎನಿಸಿತು. ಕೈ ಬರಲಿಲ್ಲ. ಕಣ್ಣೊರೆಸಿಕೊಂಡು ಸೀದಾ ಮ್ಯಾನೇಜರ್ ಕೋಣೆಗೆ ನಡೆದಳು.

ಅವನು ಇನ್ನೂ ಅಲ್ಲೇ ಇದ್ದ. ಅವಳು ಅವನತ್ತ ನೋಡಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು, ತನಗೆ ಬರುವ ಅರ್ಧಂಬರ್ಧ ಭಾಷೆಯಲ್ಲಿ, ಇವೆಲ್ಲ ನಾನೇ ಪಂಪಿನಿಂದ ತೆಗೆದದ್ದು, ಯಾರೂ ಕೊಟ್ಟದ್ದಲ್ಲ ಎಂದಳು. ಮುಚ್ಚಳ ತೆಗೆದು ತೂತಿನ ನಾಣ್ಯವನ್ನು ಮುಂದೆ ಸರಿಸಿದಳು.

ಮ್ಯಾನೇಜರ್ ಪೆನ್ನು ಕೆಳಗಿಟ್ಟರು. ವಿಚಿತ್ರವಾಗಿದೆಯಲ್ಲ ಎಂದರು. ಇಷ್ಟು ಹೊತ್ತೂ ಈ ಮೆಕ್ಯಾನಿಕ್, ಅವೆಲ್ಲ ತಾನೇ ತೆಗೆದದ್ದು, ಆಫೀಸಿನವರು ಒಪ್ಪಿದ್ದಾರೆ ಅಂತ ಆ ಹುಡುಗಿಗೆ ಸುಳ್ಳು ಹೇಳಿ ಕೊಟ್ಟದ್ದು, ಕಳಿಸುವುದಾದರೆ ತನ್ನನ್ನೇ ಕಳಿಸಿ ಎಂದು ಬರೆಸುತ್ತಿದ್ದನಂತೆ. ಆಫೀಸಿನವರು ಒಪ್ಪಿದ್ದಾರೆ ಅಂತ ಅವನು ಅವಳಿಗೆ ಎಂದೂ ಹೇಳಿರಲಿಲ್ಲ. ಲಾಂಡ್ರಿಯ ಕಡೆ ಕೈ ತೋರಿಸಿದ್ದು, ಪಂಪ್ ಬಿಚ್ಚುವ ಅಧಿಕಾರ ಅಲ್ಲಿ ತನ್ನೊಬ್ಬನಿಗೇ ಇರುವುದು ಎನ್ನಲು!

ಅವಳು ಈಗ ಅವನತ್ತ ತಿರುಗಿದಳು. ಅಯ್ಯೋ... ನಾನೇನು ಅಂದುಕೊಂಡುಬಿಟ್ಟೆ?

ಮ್ಯಾನೇಜರ್ ಆ ಅತಿಥಿಯನ್ನು ಕರೆಸಿದರು. ಮುದುಕರು ತೂತಿನ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ಅಂಚಿನ ಅಕ್ಷರಗಳನ್ನು ಬೆರಳಿನಿಂದ ಸವರಿದರು. ಆಮೇಲೆ, ಜೇಬು ನೋಡದೆ ಬಟ್ಟೆ ಹಾಕಿದವನು ನಾನೇ, ಇವರು ತೆಗೆದಿಡದಿದ್ದರೆ ಇದು ಕಸಕ್ಕೆ ಹೋಗುತ್ತಿತ್ತು, ಇಬ್ಬರನ್ನೂ ಬಿಡಿ ಎಂದರು. ಮ್ಯಾನೇಜರ್ ಇಬ್ಬರಿಂದಲೂ ತಪ್ಪೊಪ್ಪಿಗೆ ಬರೆಸಿಕೊಂಡರು, ಮತ್ತೆ ಹೀಗಾದರೆ ಸುಮ್ಮನಿರುವುದಿಲ್ಲ ಎಂದು ಗದರಿಸಿದರು, ಡಬ್ಬಿಯನ್ನು ಆಫೀಸಿನ ಕಪಾಟಿಗೆ ಹಾಕಿ ಬೀಗ ಜಡಿದರು. ಕೆಲಸ ಉಳಿಯಿತು.

ಮೆಟ್ಟಿಲ ತಿರುವಿನಲ್ಲಿ ಅವಳು ನಿಂತಳು. ಹೇಳದೆ ಇರಲು ಆಗಲಿಲ್ಲ.

"ನೀವು ನನ್ನ ಸಿಕ್ಕಿಸ್ತಾ ಇದ್ದೀರಿ ಅಂದ್ಕೊಂಡಿದ್ದೆ."

ಅವನ ಮುಖ ಸಣ್ಣದಾಯಿತು. "ಯಾವಾಗ?"

"ಗಾಜಿನ ಬಾಗಿಲಿಂದ ನೋಡಿದಾಗ. ಒಳಗೆ ಬರೋವರೆಗೂ."

ಅವನು ಒಂದು ಮೆಟ್ಟಿಲು ಇಳಿದು ಅವಳತ್ತ ತಿರುಗಿದ. ಆಮೇಲೆ ನಿಧಾನವಾಗಿ ಕೇಳಿದ, "ಸಿಕ್ಕಿಸಿದೀನಿ ಅಂದ್ಕೊಂಡೇ ಬಂದು, ಯಾರೂ ಕೊಟ್ಟಿಲ್ಲ ಅಂದ್ರಾ? ನನ್ನ ಹೆಸರೇ ಎತ್ತಲಿಲ್ವಲ್ಲ... ಯಾಕೆ?"

ಅದಕ್ಕೆ ಅವಳಲ್ಲಿ ಒಂದೇ ಉತ್ತರವಿತ್ತು. ಅದು ಅವಳಿಗೂ ಆಗಲೇ ಗೊತ್ತಾದದ್ದು.

"ಕೋಪ ಬಂದಿತ್ತು. ಆದ್ರೂ ನಿಮ್ಮನ್ನ ಕಳಿಸಿಬಿಡ್ತಾರೆ ಅನ್ನೋದನ್ನ ತಡ್ಕೊಳ್ಳೋಕೆ ಆಗಲಿಲ್ಲ ನನಗೆ."

ಅವನ ಕಣ್ಣು ತುಂಬಿತು. ಮೆಟ್ಟಿಲ ಕೆಳಗೆ ಮಷಿನ್‌ಗಳು ಗಡಗಡ ತಿರುಗುತ್ತಿದ್ದವು.

"ಹಾಗಾದ್ರೆ ಈಗಲೇ ಕೇಳ್ತೀನಿ. ನನ್ನ ಮದುವೆ ಆಗ್ತೀರಾ?"

"ನನಗೋಸ್ಕರ ನನಗೇ ಹೇಳದೆ ಇನ್ನೊಂದು ಸಲ ಹೀಗೆ ಹೋಗ್ತೀರಾ?"

"ಇಲ್ಲ. ಹೋದ್ರೆ ನಿಮ್ಮ ಜೊತೇಲೇ."

"ಹಾಗಾದ್ರೆ ಆಗ್ತೀನಿ," ಎಂದು ಅವಳು ಅವನ ಕೈ ಹಿಡಿದುಕೊಂಡಳು.