ಸರ್ ಹೇಳಿದ ಇಪ್ಪತ್ತನಾಲ್ಕು

ಹೂವಿನ ಹಿಪ್ಪರಗಿಗೆ ಹೋಗುವ ರಸ್ತೆಯಲ್ಲಿ, ಬಸವನ ಬಾಗೇವಾಡಿ ದಾಟಿ ಐದು ಕಿಲೋಮೀಟರಿಗೆ, ಒಂದು ಬೈಕು ತಗ್ಗಿಗೆ ಉರುಳಿತ್ತು. ಪಕ್ಕದಲ್ಲಿ ಐವತ್ತೆರಡು ವರ್ಷದ ರೇವಪ್ಪ ಬಿದ್ದಿದ್ದ. ತಲೆ ಕಲ್ಲಿಗೆ ಬಡಿದಿತ್ತು. ಉಸಿರು ಇನ್ನೂ ಇತ್ತು. ಸುತ್ತ ಹತ್ತು ಜನ ನಿಂತಿದ್ದರು. ನಾಲ್ವರು ವಿಡಿಯೊ ಮಾಡುತ್ತಿದ್ದರು.

ಪಿಎಸ್‌ಐ ಶಬಾನಾ ಜೀಪಿನಿಂದ ಇಳಿದಾಗ ಮಧ್ಯಾಹ್ನ ಎರಡೂವರೆ.

"ಕುಡದು ಬಿದ್ದಾನ್ರಿ ಮೇಡಂ," ಎಂದ ಒಬ್ಬ. "ಊರಾಗಿಂದನೂ ಗಾಡಿ ವಾಲ್ಕೋತ ಬಂದೈತಿ. ಹೆಸರು ಕೇಳಿದ್ರ ಮಾತು ತೊದಲ್ತಿತ್ತು."

"ಮಾತಾಡ್ತಿದ್ದನೇನು? ಮತ್ತ ನೀ ಏನ ಮಾಡಿದಿ?"

ಅವನು ಮೊಬೈಲನ್ನು ಕಿಸೆಗೆ ಇಳಿಸಿದ.

ಶಬಾನಾ ಮಂಡಿಯೂರಿ ಬಾಗಿದಳು. ರೇವಪ್ಪನ ಬಾಯಿಯಿಂದ ಹೆಂಡದ ವಾಸನೆ ಬರಲಿಲ್ಲ. ಅಂಗಿ ಮಾತ್ರ ಬೆವರಿನಿಂದ ಹಿಂಡುವಷ್ಟು ತೊಯ್ದಿತ್ತು. ಅವನ ಮೊಬೈಲು ಕಲ್ಲಿನ ಮೇಲೆ ಬಿದ್ದು ನುಚ್ಚಾಗಿತ್ತು. ಆಂಬ್ಯುಲೆನ್ಸ್ ಬಂತು, ಒಯ್ದಿತು. ನಾಲ್ಕು ಗಂಟೆಗೆ ರೇವಪ್ಪ ತೀರಿಕೊಂಡ.

ಸಂಜೆಯ ಹೊತ್ತಿಗೆ ಆ ವಿಡಿಯೊ ತಾಲ್ಲೂಕಿನ ಎಲ್ಲ ಗ್ರೂಪುಗಳಲ್ಲಿ ಓಡಾಡಿತ್ತು. ಕೆಳಗೆ ಯಾರೋ ಬರೆದಿದ್ದರು: ಹಾಡಹಗಲೇ ಕುಡುಕನ ಅವಾಂತರ.

* * *

"ಇಪ್ಪತ್ತೆಂಟು," ಎಂದರು ಆಸ್ಪತ್ರೆಯಲ್ಲಿ ಡಾಕ್ಟರ್ ಜುಲ್ಫಿಕರ. "ಆಂಬ್ಯುಲೆನ್ಸಿನವರು ದಾರಿಯೊಳಗ ಶುಗರ್ ನೋಡ್ಯಾರ. ಊಟ ಮಾಡಿದ ಮನುಷ್ಯಾಗ ನೂರರ ಮ್ಯಾಲೆ ಇರಬೇಕು. ಹಿಂಗ ಇಳಿದ್ರ ಕೈ ನಡಗ್ತೈತಿ, ನಾಲಿಗಿ ತೊದಲ್ತೈತಿ, ತೋಲ ತಪ್ಪತೈತಿ. ನೋಡಿದವರಿಗೆ ಕುಡದಂಗ ಕಾಣ್ತೈತಿ."

"ಶುಗರಿಗೆ ಅಂವಗ ಇನ್ಸುಲಿನ್ ಬರದವರು ನೀವ ಏನ್ರಿ?"

"ನಾನ. ಊಟಕ್ಕ ಎಂಟು ಯುನಿಟ್. ಎರಡು ವರ್ಷದಿಂದ ಅಷ್ಟ. ಎಂಟಕ್ಕ ಇಷ್ಟು ಇಳಿಯೂದಿಲ್ಲ. ಒಂದೋ ಉಂಡಿಲ್ಲ, ಇಲ್ಲಾ ಸೂಜಿ ಹೆಚ್ಚು ತಗೊಂಡಾನ."

ಶಬಾನಾ ಎದ್ದಳು. ಆ ವಿಡಿಯೊ ಮಾಡಿದ ನಾಲ್ವರಲ್ಲಿ ಒಬ್ಬನ ಕೈಯಲ್ಲಿ ಕಬ್ಬಿನ ಹಾಲಿನ ಬಾಟಲಿಯೇ ಇತ್ತು, ಮಾತಾಡುತ್ತಿದ್ದಾಗಲೇ ಎರಡು ಗುಟುಕು ಕುಡಿಸಿದ್ದರೆ ಶುಗರ್ ಏರುತ್ತಿತ್ತು ಎಂಬುದು ಹೊಳೆದು ಅವಳು ಹಲ್ಲು ಕಚ್ಚಿದಳು.

* * *

ಮರುದಿನ ಬೆಳಿಗ್ಗೆ ಊರಿನ ಮಾತು ಬದಲಾಗಿತ್ತು. ಕುಡಿತವಲ್ಲ, ವಿಷ. ರೇವಪ್ಪ ಕೊನೆಗೆ ಉಂಡದ್ದು ಎಪಿಎಂಸಿ ಹತ್ತಿರದ ಕಸ್ತೂರೆವ್ವನ ಖಾನಾವಳಿಯಲ್ಲಿ. ಶಬಾನಾ ಅಲ್ಲಿಗೆ ಹೋಗುವಷ್ಟರಲ್ಲಿ ಬಾಗಿಲಿಗೆ ಕಲ್ಲು ಬಿದ್ದಿದ್ದವು. ಹಿಟ್ಟಿನ ಡಬ್ಬಿ ರಸ್ತೆಯಲ್ಲಿ ಉರುಳಿತ್ತು.

"ಇನ್ನೊಂದು ಕಲ್ಲು ಬಿದ್ರ ಎಲ್ಲಾರನ್ನೂ ಒಳಗ ಹಾಕ್ತೇನಿ," ಎಂದಳು. ದನಿ ಏರಿಸಲಿಲ್ಲ. ಗುಂಪು ಕರಗಿತು.

ಕಸ್ತೂರೆವ್ವ ಒಲೆಯ ಮುಂದೆ ಕೂತಿದ್ದಳು. ಅರವತ್ತರ ಹೆಂಗಸು. ಮುಖದಲ್ಲಿ ಭಯಕ್ಕಿಂತ ಸಿಟ್ಟೇ ಹೆಚ್ಚಿತ್ತು.

"ನನ್ನ ಕೈಯಾನ ಅನ್ನ ಉಂಡು ಇಪ್ಪತ್ತು ವರ್ಷದಾಗ ಯಾರೂ ಸತ್ತಿಲ್ಲ ಯವ್ವಾ."

"ಗೊತ್ತೈತಿ ಅವ್ವ. ನಿನ್ನೆ ಅಂವ ಏನ ಉಂಡ, ಹೇಳು."

"ಎರಡು ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಮೊಸರು. ಮೊದಲ ತಾಟಿನ ಫೋಟೊ ಹೊಡಕೊಂಡ. ಆಮ್ಯಾಲೆ ಹೊಟ್ಟಿಗೆ ಸೂಜಿ ಚುಚ್ಚಿಗೊಂಡ. ಒಂದ ತುತ್ತು ಬಿಡದಂಗ ಉಂಡ."

"ಹೋಗೂ ಮುಂದ ಹೆಂಗಿದ್ದ?"

"ಮಾತಾಡಕೋತ ಕುಂತಿದ್ದ. ಅರ್ಧಾ ತಾಸಿಗೆ ಬೆವರಾಕ ಹತ್ತಿದ. ಕೈ ನಡಗಾಕತ್ತಿದ್ವು. ನಾ ಬೆಲ್ಲದ ತುಣಕು ತಂದು ಕೈಯಾಗ ಇಟ್ಟೆ. ತಿನ್ನಲಿಲ್ಲ. ಮೊಬೈಲಿನಾಗ ಏನೋ ಬರದು ನೋಡಿದ, ಬೆಲ್ಲ ತಿರುಗಿ ಕೊಟ್ಟ. 'ಸರ್ ಬ್ಯಾಡ ಅಂದಾರ. ನೀರು ಕುಡಿ ಅಂದಾರ' ಅಂದ. ಎರಡು ತಂಬಿಗಿ ನೀರು ಕುಡದು ಹೋದ."

"ಯಾವ ಸರ್?"

"ಡಾಕ್ಟರ್ ಇರಬೇಕಂತ ತಿಳದೆ. ನನಗೇನ ಓದಾಕ ಬರತೈತೇನು?"

ತಾಟುಗಳು ಗೋಡೆಗೆ ಒರಗಿದ್ದವು. ಶಬಾನಾ ಒಂದನ್ನು ಎತ್ತಿಕೊಂಡಳು. ಚಿಕ್ಕ ತಾಟು, ಒಂದೇ ಗೇಣು ಅಗಲ. ಮುಚ್ಚಿದ ಶಾಲೆಯೊಂದರ ಹರಾಜಿನಲ್ಲಿ ತಂದವು ಎಂದಳು ಕಸ್ತೂರೆವ್ವ. ರೊಟ್ಟಿಯನ್ನೂ ಅದಕ್ಕೆ ತಕ್ಕಂತೆ ಸಣ್ಣದಾಗಿ ಬಡಿಯುತ್ತಿದ್ದಳು.

* * *

ರೇವಪ್ಪನ ಹೆಂಡತಿ ಭುವನೇಶ್ವರಿ ಅಳುತ್ತಿರಲಿಲ್ಲ. ಶಬಾನಾ ಹೊಸ್ತಿಲು ದಾಟುವ ಮೊದಲೇ ಮಾತು ಬಂತು.

"ಹುಟ್ಟಿದಾಗಿಂದ ಒಂದ ಹನಿ ಮುಟ್ಟಿಲ್ಲ ಅವರು. ಈಗ ನನ್ನ ಮಗಳ ಕಾಲೇಜಿನ ಗ್ರೂಪಿನಾಗ ಅವಳಪ್ಪ ಕುಡುಕ. ನೀವು ಪೊಲೀಸರು ಏನ ಮಾಡಾಕತ್ತೀರಿ?"

"ಅದನ್ನ ಮಾಡಾಕ ಬಂದೇನ್ರಿ. ಅವರಿಗೆ ಸರ್ ಅಂತ ಯಾರರ ಇದ್ರೇನು?"

ಭುವನೇಶ್ವರಿ ಒಳಗೆ ಹೋಗಿ ಉದ್ದನೆಯ ನೋಟುಬುಕ್ಕು ತಂದಳು. ರೇವಪ್ಪನ ಹೆಗಲ ಚೀಲದಲ್ಲಿ ಇದ್ದದ್ದು, ಆಸ್ಪತ್ರೆಯವರು ಬಟ್ಟೆಯ ಜೊತೆ ಕೊಟ್ಟಿದ್ದರು.

"ನಾಲ್ಕು ತಿಂಗಳಾತು, ತೂಕ ಇಳಸಾಕ ಹತ್ತಿದ್ರು. ಸಿಂದಗಿಯವರು ಯಾರೋ. ಫೋಟೊ ಕಳಸಿದ್ರ ಊಟದಾಗ ಎಷ್ಟು ಕ್ಯಾಲರಿ ಅದಾವು ಅಂತ ಹೇಳ್ತಾರ. ಮನಿ ಊಟ ಆದ್ರ ಲೆಕ್ಕ ಸಿಗತೈತಿ, ಹೋಟೆಲ್ ಊಟದ್ದು ಹೆಂಗ ತಿಳೀಬೇಕು ಅಂತ ಸೇರಿದ್ರು."

ರೇವಪ್ಪ ಎಪಿಎಂಸಿಯಲ್ಲಿ ಮೂವತ್ತು ವರ್ಷ ತೂಕ ಮಾಡಿದವನು. ಕೈಯಲ್ಲಿ ಹಿಡಿದರೆ ಪಾವು ಹೆಚ್ಚೋ ಕಡಿಮೆಯೋ ಹೇಳುತ್ತಿದ್ದ. ನೋಟುಬುಕ್ಕಿನಲ್ಲಿ ಪ್ರತಿ ಊಟಕ್ಕೂ ಎರಡು ಸಾಲು ಇದ್ದವು. ಒಂದರ ತಲೆಯ ಮೇಲೆ 'ನಾ', ಇನ್ನೊಂದರ ಮೇಲೆ 'ಸರ್'. ಕೊನೆಯ ದಿನ 'ನಾ' ಕೆಳಗೆ ಹೀಗಿತ್ತು: ರೊಟ್ಟಿ 220, ಎಣ್ಣಿಗಾಯಿ 240, ಹಿಂಡಿ 90, ಮೊಸರು 60, ಒಟ್ಟು 610. 'ಸರ್' ಕೆಳಗೆ ಒಂದೇ ಸಂಖ್ಯೆ: 1240. ಅದರ ಮುಂದೆ: ಸೂಜಿ 24.

ಶಬಾನಾ ಹಿಂದಿನ ಪುಟಗಳನ್ನು ತಿರುವಿದಳು. ಮೊದಲಿನಿಂದ ಸೂಜಿ ಎಂಟೇ ಇತ್ತು. ಕಳೆದ ವಾರದಿಂದ ಬದಲಾಗಿತ್ತು: ಹನ್ನೊಂದು, ಹತ್ತು, ಹದಿಮೂರು. ಪುಟದ ನಡುವೆ ಮಡಿಸಿದ ಕರಪತ್ರ. 'ತೊಂಬತ್ತು ದಿನಗಳ ಸವಾಲು. ಈಗ ಶುಗರ್ ಇದ್ದವರಿಗೂ. ತಟ್ಟೆಯ ಫೋಟೊ ಕಳುಹಿಸಿ, ಇನ್ಸುಲಿನ್ ಲೆಕ್ಕ ಪಡೆಯಿರಿ. ಚೇತನಕುಮಾರ, ಆಹಾರ ತಜ್ಞ, ಸಿಂದಗಿ.'

"ಹೆಚ್ಚು ಸೂಜಿ ಯಾಕ ಅಂತ ನೀವು ಕೇಳಲಿಲ್ಲೇನ್ರಿ?"

"ಕೇಳಿದ್ನಿ. 'ಸರ್ ಓದಿದವರು, ನಾ ಚೀಲ ತೂಗಾಂವ' ಅಂದ್ರು."

* * *

ಚೇತನಕುಮಾರನ ಕಚೇರಿಯಲ್ಲಿ ಎ.ಸಿ. ಇತ್ತು. ಗೋಡೆಯ ತುಂಬ ದಪ್ಪಗಿದ್ದವರು ತೆಳ್ಳಗಾದ ಫೋಟೊಗಳು. ಮೂವತ್ತೈದರ ಯುವಕ, ಮಾತು ನಯ.

"ಬಹಳ ದುಃಖದ ಸಂಗತಿ, ಮೇಡಂ. ಆದರೆ ಹಳ್ಳಿಯ ಜನ ಹೋಟೆಲಿನ ಎಣ್ಣೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ತಾವೇ ಏನೋ ಅಂದಾಜು ಮಾಡಿ ಸೂಜಿ ತೆಗೆದುಕೊಂಡಿರುತ್ತಾರೆ."

"ಅವರ ಅಂದಾಜು ಆರುನೂರಾ ಹತ್ತು. ನಿಮ್ಮದು ಸಾವಿರದ ಇನ್ನೂರಾ ನಲವತ್ತು."

"ನಾನು ಉತ್ತರವನ್ನೇ ಕೊಟ್ಟಿಲ್ಲ. ಮೊನ್ನೆ ಹನ್ನೆರಡರಿಂದ ಮೂರರವರೆಗೆ ಇಂಡಿ ಪಟ್ಟಣದಲ್ಲಿ ತೂಕ ಇಳಿಸುವ ಶಿಬಿರದ ವೇದಿಕೆಯ ಮೇಲಿದ್ದೆ. ನೂರಾರು ಜನ ನೋಡಿದ್ದಾರೆ. ಫೋನ್ ಕಾರಿನಲ್ಲಿತ್ತು."

ವಿಡಿಯೊ ತೋರಿಸಿದ. ಒಂದು ಗಂಟೆಗೆ ಅವನ ಕೈಯಲ್ಲಿ ಮೈಕ್ ಇತ್ತು. ಕಾನ್‌ಸ್ಟೇಬಲ್ ಶ್ರೀಶೈಲಪ್ಪ ಇಂಡಿಗೆ ಹೋಗಿ ವಿಚಾರಿಸಿ ಬಂದ. ಮಾತು ಸುಳ್ಳಾಗಿರಲಿಲ್ಲ. ಕಚೇರಿಯಲ್ಲಿ ಸಹಾಯಕರೂ ಯಾರೂ ಇರಲಿಲ್ಲ.

"ಮತ್ತ ರೇವಪ್ಪಗ ಇಪ್ಪತ್ತನಾಲ್ಕು ಅಂದವರ್ಯಾರ್ರಿ ಮೇಡಂ?" ಎಂದ ಶ್ರೀಶೈಲಪ್ಪ.

ಶಬಾನಾ ಡಾಕ್ಟರ್ ಜುಲ್ಫಿಕರರಿಗೆ ಫೋನ್ ಮಾಡಿ, ಈ ಸವಾಲಿಗೆ ಸೇರಿದವರು ಇನ್ನಾರಾದರೂ ಆಸ್ಪತ್ರೆ ಸೇರಿದ್ದಾರೆಯೇ ಎಂದು ವಿಚಾರಿಸಲು ಹೇಳಿದಳು. 

* * *

ಮುದ್ದೇಬಿಹಾಳದಲ್ಲಿ ಅದೇ ಸವಾಲಿಗೆ ಸೇರಿದ್ದ ಮಾಬುಬಿ ಎಂಬ ಹೆಂಗಸು ರೇವಪ್ಪ ಸಾಯುವ ಹತ್ತು ದಿನ ಮೊದಲು ಎಚ್ಚರ ತಪ್ಪಿ ಆಸ್ಪತ್ರೆ ಸೇರಿದ್ದಳೆಂದು ಡಾಕ್ಟರ್ ಜುಲ್ಫಿಕರ ವಿಚಾರಿಸಿ ತಿಳಿಸಿದರು. ಶಬಾನಾ ಅವಳ ಮನೆಗೆ ಹೋದಳು.

"ನನ್ನ ತಮ್ಮ ಆಸ್ಪತ್ರಿ ಚೀಟಿ ಸುದ್ದಾ ಸರ್‌ಗೆ ಕಳಸಿದ," ಎಂದಳು ಮಾಬುಬಿ. "ಅವರು ಅದನ್ನ ನೋಡಿದ್ರು, ನೀಲಿ ಗೆರಿ ಬಿತ್ತು. 'ನಿಮ್ಮ ನಾಲಿಗಿ ಚಪಲ' ಅಂತ ಬರದು ತಮ್ಮನ ನಂಬರ್ ಬ್ಲಾಕ್ ಮಾಡಿದ್ರು."

"ಫೋಟೊ ಕಳಸಿದ್ರ ಉತ್ತರ ಎಷ್ಟೊತ್ತಿಗೆ ಬರ್ತಿತ್ತು?"

"ಕಣ್ಣು ಮುಚ್ಚಿ ತೆರೆಯೂದ್ರಾಗ. ರಾತ್ರಿ ಆದ್ರೂ ಅಷ್ಟ, ಮುಂಜಾನಿ ಆದ್ರೂ ಅಷ್ಟ. ಸರ್ ಮಲಗೂದ ಇಲ್ಲೇನೋ ಅಂತಿದ್ವಿ."

ಶಬಾನಾ ಅವಳ ಮೊಬೈಲಿನಲ್ಲಿ ಆ ಉತ್ತರಗಳು ಬಂದ ಸಮಯ ನೋಡಿದಳು.

"ಮಾಬುಬಿ, ನಿಮ್ಮ ಮೊಬೈಲ್ ನನಗ ಒಂದ ದಿನ ಕೊಡ್ತೀರೇನು?"

* * *

ಮರುದಿನ ಮಧ್ಯಾಹ್ನ ಹನ್ನೆರಡೂವರೆ. ಚೇತನಕುಮಾರನ ಮೇಜು. ಅವನ ಫೋನು ಶ್ರೀಶೈಲಪ್ಪನ ಕೈಯಲ್ಲಿತ್ತು. ಚೇತನಕುಮಾರನ ಎರಡೂ ಕೈ ಮೇಜಿನ ಮೇಲೆ ಇದ್ದವು. ಡಾಕ್ಟರ್ ಜುಲ್ಫಿಕರ ಮೂಲೆಯ ಕುರ್ಚಿಯಲ್ಲಿದ್ದರು, ಭುವನೇಶ್ವರಿ ಬಾಗಿಲ ಹತ್ತಿರ ನಿಂತಿದ್ದಳು.

ಶಬಾನಾ ಮಾಬುಬಿಯ ಮೊಬೈಲಿನಿಂದ ಒಂದು ಫೋಟೊ ಕಳುಹಿಸಿದಳು. ಬೆಳಿಗ್ಗೆ ಕಸ್ತೂರೆವ್ವ ಅದೇ ತಾಟಿನಲ್ಲಿ ಅದೇ ಊಟ ಬಡಿಸಿಕೊಟ್ಟಿದ್ದಳು.

ಯಾರೂ ಅಲುಗಲಿಲ್ಲ. ಇಪ್ಪತ್ತು ಸೆಕೆಂಡಿನಲ್ಲಿ ಮಾಬುಬಿಯ ಮೊಬೈಲು ಸದ್ದು ಮಾಡಿತು. ಶಬಾನಾ ಓದಿದಳು.

"'1240 ಕ್ಯಾಲರಿ. 24 ಯುನಿಟ್ ತೆಗೆದುಕೊಳ್ಳಿ.' ಉತ್ತರ ಕೊಟ್ಟವರು ಯಾರ್ರಿ ಸರ್? ನಿಮ್ಮ ಕೈ ಇಲ್ಲೇ ಅದಾವಲ್ಲ."



ಅವಳು ಮತ್ತೆ ಬರೆದಳು: ಕೈ ನಡಗಾಕತ್ತಾವ್ರಿ, ಬೆವರು ಬರಾಕತ್ತೈತಿ. ಉತ್ತರ ಇನ್ನೂ ಬೇಗ ಬಂತು. ಅದನ್ನು ಓದುವಾಗ ಅವಳ ದನಿ ಗಟ್ಟಿಯಾಯಿತು.

"'ಅಭಿನಂದನೆಗಳು. ಇದು ಕೊಬ್ಬು ಕರಗುತ್ತಿರುವ ಲಕ್ಷಣ. ಸಕ್ಕರೆ, ಬೆಲ್ಲ ಮುಟ್ಟಬೇಡಿ. ಎರಡು ಲೋಟ ನೀರು ಕುಡಿಯಿರಿ.'"



"ನೀವು ಇಂಡಿಯೊಳಗ ಇದ್ರಿ, ಖರೆ," ಎಂದಳು ಶಬಾನಾ. "ಫೋನೂ ಕಾರಿನಾಗ ಇತ್ತು, ಅದೂ ಖರೆ. ಫೋಟೊ ನೋಡಿ ಕ್ಯಾಲರಿ ಹೇಳೂ ಒಂದು ಆ್ಯಪ್ ಹಾಕಿ, ತಾನ ಉತ್ತರ ಕಳಸೂ ಹಂಗ ಮಾಡಿ ಬಿಟ್ಟೀರಿ. ಅದು ತಾಟಿನ ಅಳತಿ ನೋಡೂದಿಲ್ಲ. ಗೇಣು ಅಗಲದ ತಾಟು ತುಂಬಿದ್ದಕ್ಕ ದೊಡ್ಡ ತಾಟು ಅಂತ ತಿಳೀತು. ಆರುನೂರು ಹೋಗಿ ಸಾವಿರದ ಇನ್ನೂರು ಆತು. ನೀವು ಐವತ್ತು ಕ್ಯಾಲರಿಗೆ ಒಂದು ಯುನಿಟ್ ಅಂತ ಭಾಗಿಸಿದ್ರಿ."

"ಕ್ಯಾಲರಿ ಲೆಕ್ಕದ ಮ್ಯಾಲೆ ಇನ್ಸುಲಿನ್ ಕೊಡೂ ಪದ್ಧತಿನ ಇಲ್ಲ," ಎಂದರು ಡಾಕ್ಟರ್. "ಆ ತಾಟಿನಾಗ ಅರ್ಧಕ್ಕರ್ಧ ಕ್ಯಾಲರಿ ಎಣ್ಣಿದು, ಶೇಂಗಾದ್ದು. ಅದರಿಂದ ರಕ್ತದಾಗ ಶುಗರ್ ಅಷ್ಟು ಏರೂದಿಲ್ಲ. ಏರಿಸಾವು ಎರಡು ಸಣ್ಣ ರೊಟ್ಟಿ ಅಷ್ಟ. ಅದಕ್ಕ ಎಂಟು ಸಾಕಿತ್ತು."

"ಬೆವರು ಬಂದ್ರ ಕೊಬ್ಬು ಕರಗತೈತಿ ಅನ್ನೂದು ತೂಕ ಇಳಸವರಿಗೆ ನಾ ಬರದಿಟ್ಟ ಮಾತು," ಎಂದ ಚೇತನಕುಮಾರ. ನಯ ಹೋಗಿ ಊರಿನ ಮಾತು ಬಂದಿತ್ತು. "ಶುಗರ್‌ದವರಿಗೂ ಅದ ಹೋಗತೈತಿ ಅಂತ ನನಗ ಗೊತ್ತಿರಲಿಲ್ರಿ."

"ಮಾಬುಬಿಯ ಆಸ್ಪತ್ರಿ ಚೀಟಿ ನೋಡಿದಾಗ ಗೊತ್ತಾಗಿತ್ತು. ಹತ್ತು ದಿನ ಇತ್ತು ನಿಮ್ಮ ಕೈಯಾಗ. ಬದಲು ಮಾಡಾಕ ಎಷ್ಟೊತ್ತು ಬೇಕಿತ್ತು? ಆ ಮನುಷ್ಯ ತಾಟು ನೋಡಿ ಸರಿಯಾಗಿ ಆರುನೂರು ಅಂದಿದ್ದ. ಕೈಯಾಗ ಬೆಲ್ಲ ಇತ್ತು. ನೀವು ಓದಿದವರು ಅಂತ ನಂಬಿ ತಿರುಗಿ ಕೊಟ್ಟ. ನೀವು ಓದೀರಿ ಅಂತ ಒಂದ ಕಾಗದ ತೋರಸ್ರಿ ನನಗ."

ಅವನು ತೋರಿಸಲಿಲ್ಲ. ಆ ಓದಿನ ಕಾಗದ ಎಲ್ಲಿಯೂ ಇರಲಿಲ್ಲ. ಶಬಾನಾ ಕೊಲೆಯಲ್ಲದ ನರಹತ್ಯೆಯ ಕಲಂ ಹೇಳಿ ಬಂಧಿಸಿದಳು. ಶ್ರೀಶೈಲಪ್ಪ ಅವನ ತೋಳು ಹಿಡಿದ.

ಅಷ್ಟರಲ್ಲಿ ಶ್ರೀಶೈಲಪ್ಪನ ಇನ್ನೊಂದು ಕೈಯಲ್ಲಿದ್ದ ಫೋನು ಗುಂಯ್ ಎಂದಿತು. ಮತ್ತೊಮ್ಮೆ. ಮತ್ತೆ ಮತ್ತೆ.

"ಮೇಡಂ," ಎಂದ ಅವನು. "ತಾಟಿನ ಫೋಟೊ ಬರಾಕತ್ತಾವ್ರಿ."

ಒಂದು ಗಂಟೆಯಾಗಿತ್ತು. ಊಟದ ಹೊತ್ತು. ಇಂಡಿಯಿಂದ ಒಂದು, ನಾಲತವಾಡದಿಂದ ಒಂದು, ಕೊಲ್ಹಾರದಿಂದ ಎರಡು. ಗುಂಪಿನಲ್ಲಿ ಮುನ್ನೂರ ಹನ್ನೆರಡು ಜನ. ಪ್ರತಿ ತಾಟಿನ ಕೆಳಗೂ ಉತ್ತರ ತಾನಾಗಿಯೇ ಹೋಗುತ್ತಿತ್ತು.

"ನಿಲ್ಲಸೂದು ಹೆಂಗ?" ಎಂದು ಶಬಾನಾ ಚೇತನಕುಮಾರನ ಮುಖಕ್ಕೆ ಮುಖ ಕೊಟ್ಟು ಕೇಳಿದಳು. ಅವನು ತೊದಲಿದ. ಅವಳು ಫೋನು ಕಸಿದು ಅವನ ಬೆರಳಿನಿಂದಲೇ ಒತ್ತಿಸಿ ನಿಲ್ಲಿಸಿದಳು. ಆದರೆ ಕಳೆದ ಹತ್ತು ನಿಮಿಷದಲ್ಲಿ ಹೋದ ಉತ್ತರಗಳು ಹದಿನೇಳು.

ಭುವನೇಶ್ವರಿ ಬಾಗಿಲಿನಿಂದ ಮುಂದೆ ಬಂದಳು. "ಅರ್ಧಾ ನಂಬರ್ ನನಗ ಕೊಡ್ರಿ."

ಇಬ್ಬರೂ ಮೇಜಿನ ಎರಡು ಬದಿಗೆ ನಿಂತು ಕರೆ ಮಾಡತೊಡಗಿದರು. ಭುವನೇಶ್ವರಿಯ ಮೊದಲ ಕರೆಯನ್ನು ಎತ್ತಿದವನು ಕೊಲ್ಹಾರದ ಮುದುಕ.

"ಊಟ ಆತೇನ್ರಿ ಅಜ್ಜಾರ?"

"ಇನ್ನೂ ಇಲ್ಲವ್ವ. ಸರ್ ಮೂವತ್ತು ಅಂದಾರ, ಸೂಜಿ ಕೈಯಾಗ ಐತಿ."

"ಅದನ್ನ ಕೆಳಗ ಇಡ್ರಿ," ಎಂದಳು ಅವಳು. "ನಾ ಫೋನ್ ಇಡೂದಿಲ್ಲ. ನಿಮ್ಮ ಡಾಕ್ಟರ್ ಚೀಟಿ ತಗೊಂಡ ಬರ್ರಿ, ಅದರಾಗ ಎಷ್ಟು ಬರದಾರ, ನನಗ ಓದಿ ಹೇಳ್ರಿ."