ಮೊದಲ ಕಾವಿನ ಗೆರೆ

ಅಚ್ಚಿನ ಮೇಸ್ತ್ರಿಯನ್ನು ಸೋಮವಾರ ಕೆಲಸದಿಂದ ತೆಗೆದರು. ಅವನು ಬಾಟಲಿ ಮಾಡುವ ಅಚ್ಚನ್ನು ಸಾಕಷ್ಟು ಕಾಯಿಸಲಿಲ್ಲ, ಅದರಿಂದ ಬಾಟಲಿ ಕುಸಿದು, ಬಿಸಿ ಹಣ್ಣಿನ ರಸ ತುಂಬಿಸುತ್ತಿದ್ದ ಹೆಂಗಸಿನ ಮುಂಗೈ ಬೆಂದಿತು ಎಂದು ಆದೇಶದಲ್ಲಿ ಬರೆದಿತ್ತು. ಆ ಹೆಂಗಸು ಅವನ ಒಡಹುಟ್ಟಿದ ತಂಗಿ.

ಮಂಗಳವಾರ ಆಕೆ ಕೈಗೆ ಬಟ್ಟೆ ಸುತ್ತಿಕೊಂಡೇ ನಮ್ಮ ಪರೀಕ್ಷಾ ಕೋಣೆಗೆ ಬಂದಳು. "ಕಾವಕ್ಕಾ, ಅಣ್ಣ ನನ್ನ ಮುಖ ನೋಡ್ತಿಲ್ಲ. ತಾನೇ ಸುಟ್ಟೆ ಅಂತ ಅವನೂ ನಂಬಿಬಿಟ್ಟಿದಾನೆ."

ಇಪ್ಪತ್ತೆರಡು ವರ್ಷದಿಂದ ಪ್ಲಾಸ್ಟಿಕ್ ಕಾಯಿಸಿ ನೋಡುತ್ತಿದ್ದ ನಮ್ಮ ಹಿರಿಯ ಪರೀಕ್ಷಕಿಗೆ ಆ ಹೆಸರು ಅಂಟಿತ್ತು. ಕಾರ್ಖಾನೆಯಲ್ಲಿ ಏನು ಕಳೆದರೂ, ಯಾರು ಕೆಡಿಸಿದರೂ ಜನ ಬರುತ್ತಿದ್ದದ್ದು ಅವಳ ಹತ್ತಿರಕ್ಕೇ. ನಾನು ಹದಿನೈದು ವರ್ಷ ಅವಳ ಪಕ್ಕದ ಸ್ಟೂಲಿನಲ್ಲಿ ಕೂತವನು.

"ಕೂತ್ಕೋ ತಾಯಿ. ನಿಂತವರನ್ನ ನೋಡೋಕೂ ನಂಗೆ ಸುಸ್ತು," ಎಂದು ಕಾವಕ್ಕ ಆದೇಶದ ಜೊತೆಗಿದ್ದ, ಬಾಟಲಿ ಪರೀಕ್ಷೆಯ ಗೆರೆಯಿದ್ದ ಹಾಳೆ ಇಸಕೊಂಡಳು. ನನ್ನತ್ತ ಚಾಚಿದಳು. "ಏನ್ ಕಾಣ್ತಿದೆ?"

"ಗೆರೆ ನುಣ್ಣಗಿದೆ. ಅಚ್ಚಿನ ಕಾವಿನ ಗುರುತೇ ಇಲ್ಲ."

"ಗೆರೆ ಬಿಡು ಮಾರಾಯ. ಹಾಳೆ ನೋಡು."

ಫೈಲಿನ ಉಳಿದ ಹಾಳೆಗಳ ಅರ್ಧದಷ್ಟೇ ಇತ್ತು ಅದು. ಆ ಪರೀಕ್ಷೆ ಮಾಡಿದವನು ನಾನೇ. ಕಚೇರಿಯವರು ಅವಸರ ಮಾಡಿದರೆಂದು ಓದದೆ ಇಡೀ ಹಾಳೆಯನ್ನು ಅಲ್ಲಿನ ಟ್ರೇಗೆ ಹಾಕಿದ್ದೆ. ಆ ಟ್ರೇಗೆ ಕೈ ಹಾಕುವವರು ಇಬ್ಬರು: ಮ್ಯಾನೇಜರು ಮತ್ತು ತುಂಬಿಸುವ ವಿಭಾಗದ ಸೂಪರ್‌ವೈಸರು.

ಕಾವಕ್ಕ ಬಯ್ಯಲಿಲ್ಲ. ಮೂಲೆಯಲ್ಲಿದ್ದ ಮಾದರಿ ಬಾಟಲಿಗಳ ಚೀಲದಿಂದ, ಕೈ ಬೆಂದ ದಿನದ ಬಾಟಲಿಯೊಂದನ್ನು ತೆಗೆದು, ಚೂರು ಕತ್ತರಿಸಿ, ಪುಟ್ಟ ಅಲ್ಯೂಮಿನಿಯಂ ಬಟ್ಟಲಿನಲ್ಲಿ ಮುಚ್ಚಿ, ಕಾಯಿಸಿ ಗೆರೆ ಬರೆಯುವ ಯಂತ್ರಕ್ಕೆ ಇಟ್ಟಳು. ಸ್ಟೋವಿನ ಮೇಲೆ ನೀರೂ ಇಟ್ಟಳು.

ಮಧ್ಯಾಹ್ನ ಕಾವಕ್ಕ ಕರೆಸಿದ ಮ್ಯಾನೇಜರು, ಸೂಪರ್‌ವೈಸರು, ತಂಗಿ ಎಲ್ಲರೂ ಬಂದರು. ಮೇಸ್ತ್ರಿ ಬಾಗಿಲ ಹೊರಗೇ ನಿಂತಿದ್ದ.

"ಎಂಬತ್ತೈದು ಡಿಗ್ರಿ," ಎಂದು ಕಾವಕ್ಕ ಅದೇ ಚೀಲದ ಬಾಟಲಿಯೊಂದಕ್ಕೆ ಬಿಸಿನೀರು ಸುರಿದಳು. ಬಾಟಲಿ ಜಗ್ಗಲಿಲ್ಲ. "ನಮ್ಮ ರಸದ ಲೆಕ್ಕ ಇಷ್ಟೇ. ಇದು ತೊಂಬತ್ತೈದು." ಇನ್ನೊಂದು ಬಾಟಲಿ ಸೊಂಟ ಮುರಿದ ಮುದುಕನ ಹಾಗೆ ಕುಸಿಯಿತು.

ಸೂಪರ್‌ವೈಸರು ತಲೆ ತಗ್ಗಿಸಿದ. "ರಸದ ಕಾವು ಏರಿಸಿದ್ರೆ ಕೆಲಸ ಬೇಗ ಮುಗಿಯುತ್ತೆ ಅಂತ ಮ್ಯಾನೇಜರೇ ಅಂದ್ರು. ಏರಿಸಿದೆ. ಆದ್ರೆ ಆ ಹಾಳೆ ನಾನು ಮುಟ್ಟಿಲ್ಲ."

"ಹಾಳೇಲಿ ಒಂದು ತುಂಡು ಇಲ್ಲ," ಅಂದಳು ಕಾವಕ್ಕ.

"ನನಗೆ ಬಂದಿದ್ದೇ ಅಷ್ಟು," ಅಂದರು ಮ್ಯಾನೇಜರು. "ಅಲ್ಲದೆ ಮೇಲಿನರ್ಧ ಯಾರಿಗೆ ಬೇಕು? ಅದರಲ್ಲಿ ಬರೀ ಗೊಂದಲ."

"ಒಂದು ತುಂಡು ಅಂದೆ. ಮೇಲಿನದು ಅಂತ ನಾನು ಹೇಳಲಿಲ್ಲವಲ್ಲ ಸಾರ್."

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಾಗಿತ್ತು.

ಕಾವಕ್ಕ ಹೊಸ ಹಾಳೆ ಬಿಡಿಸಿದಳು. "ಚೂರನ್ನ ಎರಡು ಸಲ ಕಾಯಿಸ್ತೀವಿ. ಮೊದಲ ಕಾವಲ್ಲಿ ಬಾಟಲಿ ತಾನು ಪಟ್ಟಿದ್ದೆಲ್ಲ ಹೇಳುತ್ತೆ. ಇಗೋ, ಮೇಲಿನ ಗೆರೇಲಿ ಸಣ್ಣ ತಗ್ಗು. ಅಚ್ಚು ಚೆನ್ನಾಗಿ ಕಾದಿತ್ತು ಅನ್ನೋ ಗುರುತು. ಪೂರ್ತಿ ಕರಗಿಸಿ, ತಣಿಸಿ, ಎರಡನೇ ಸಲ ಕಾಯಿಸಿದ್ರೆ ಅದು ಹಳೇದೆಲ್ಲ ಮರ್ತಿರುತ್ತೆ. ಯಾವ ಬಾಟಲಿ ಇಟ್ರೂ ಕೆಳಗಿನ ಗೆರೆ ನುಣ್ಣಗೇ. ಆ ಮರೆತ ಗೆರೆ ಹಿಡ್ಕೊಂಡು ಮೇಸ್ತ್ರೀನ ಹೊರಗೆ ಹಾಕಿದಿರಿ. ಇದನ್ನ ಅವನು ಮರೀಬೇಕು ಅಂದ್ರೆ ಅವನನ್ನೂ ಕರಗಿಸಬೇಕು ಸಾರ್."

ತಂಗಿ ಬಾಗಿಲಿಗೆ ಹೋಗಿ ಬೆಂದ ಕೈಯಲ್ಲೇ ಅಣ್ಣನ ತೋಳು ಹಿಡಿದಳು. ಅವನು ಅವಳ ಮುಖ ನೋಡಿದ.

ಮ್ಯಾನೇಜರು ಕಾವಕ್ಕನನ್ನು ಬಿಟ್ಟು ನನ್ನ ಕಡೆ ತಿರುಗಿದರು. ಹೇಳಿದ ಮಾತು ಮೀರದವನು ನಾನೆಂದು ಅವರಿಗೆ ಗೊತ್ತಿತ್ತು. "ಆ ಹಾಳೆ ಹರಿದು ಹಾಕು. ಚೀಲದಲ್ಲಿರೋ ಬಾಟಲಿಗಳನ್ನೆಲ್ಲ ಪುಡಿಯಂತ್ರಕ್ಕೆ ಸುರಿ. ಈಗಲೇ."

ಕಾವಕ್ಕ ನನ್ನನ್ನು ನೋಡಲಿಲ್ಲ. ಕನ್ನಡಕ ಒರೆಸುತ್ತಿದ್ದಳು.

ನಾನು ಹಾಳೆ ಮಡಚಿ ಜೇಬಿಗೆ ಇಟ್ಟೆ. ಮೂಲೆಗೆ ಹೋಗಿ ಚೀಲದ ಬಾಯಿ ಬಿಗಿಯಾಗಿ ಕಟ್ಟಿದೆ. ಸ್ಟೂಲು ಎಳೆದು ಅದರ ಮುಂದೆ ಕೂತೆ.

"ಸುರಿಯಲ್ಲ ಸಾರ್."