ಖಾಲಿ ಒಲಿ ಉರಿಸಿದಾಕಿ

"ಏನ್ರೀ, ರೊಟ್ಟಿಗೆ ಬೆಳ್ಳಿ ನೀರು ಕುಡಸ್ರಿ ಅಂತ ನಿಮಗ ಹೇಳಿದವರ್ಯಾರು?"

ಸುಮಂಗಲಾ ರೊಟ್ಟಿಯ ಬುಟ್ಟಿಯನ್ನು ಅವನ ಮೂಗಿನ ಹತ್ತಿರ ಹಿಡಿದಳು. ಬೆಳಗಿನಿಂದ ಬಡಿದು, ಬೇಯಿಸಿ, ಹಿತ್ತಲ ಹೊರಸಿನ ಮೇಲೆ ಬಿಳಿ ಬಟ್ಟೆ ಹಾಸಿ ಆರಲು ಬಿಟ್ಟಿದ್ದ ಖಡಕ್ ರೊಟ್ಟಿ. ಒಂದೊಂದರ ಮೇಲೂ ಬೆಳ್ಳಿಯ ಸಣ್ಣ ಸಣ್ಣ ಚುಕ್ಕಿ. ಗೋಡೆಯಾಚೆ ಪಕ್ಕದ ತನ್ನ ಅಂಗಡಿಯಲ್ಲಿ ಅವನು ಬೈಕಿನ ಸೈಲೆನ್ಸರಿಗೆ ಸ್ಪ್ರೇ ಹೊಡೆದಿದ್ದ. ಉಳಿದದ್ದನ್ನು ಗಾಳಿ ನೋಡಿಕೊಂಡಿತ್ತು.

ಅವನು ಒಂದು ರೊಟ್ಟಿ ಎತ್ತಿ ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ. "ಛಲೋ ಕುಂತೈತಿ," ಎಂದ. "ಎಂಥಾ ಬೆಂಕಿ ಇದ್ರೂ ತಡೀತೈತಿ ಈ ಬಣ್ಣ. ಇನ್ನ ಈ ರೊಟ್ಟಿ ಹೊತ್ತಂಗಿಲ್ಲ ಬಿಡ್ರಿ."

"ನಿಮ್ಮ ಮಾರಿ ಹೊತ್ತಲಿ!"

ಅವನ ಹೆಸರು ಪರಮೇಶ್ವರ. ಬಬಲೇಶ್ವರದ ಕಡೆಯವನು. ಬೇಸಿಗೆಯಲ್ಲಿ ತಿಕೋಟಾಕ್ಕೆ ಬಂದು ಅವಳ ಮನೆಯ ಮಗ್ಗುಲಲ್ಲೇ ಅಂಗಡಿ ಇಟ್ಟಿದ್ದ. ತುಕ್ಕು ಹಿಡಿದ ಸೈಲೆನ್ಸರ್, ಇದ್ದಿಲ ಸಿಗಡಿ, ಧಾಬಾದವರ ಗ್ರಿಲ್ಲು, ಒಲೆ, ಹೀಗೆ ಬೆಂಕಿಯ ಸಹವಾಸದಲ್ಲಿ ಬಣ್ಣಗೆಟ್ಟದ್ದನ್ನೆಲ್ಲ ಉಜ್ಜಿ, ಶಾಖ ತಡೆಯುವ ಬಣ್ಣ ಹೊಡೆದು ಹೊಸದು ಮಾಡುವುದು ಅವನ ಕಸುಬು. ಬಂದ ದಿನದಿಂದ ಅವನಿಗೂ ಸುಮಂಗಲಾಗೂ ಹಾವು ಮುಂಗುಸಿಯ ಸಂಬಂಧ. ಅವನ ಗಿರಾಕಿಗಳ ಬೈಕು ಇವಳ ಬಾಗಿಲಿಗೆ ಅಡ್ಡ, ಇವಳ ಮನೆಯ ಹೊಗೆ ಅವನ ಹಸಿ ಬಣ್ಣಕ್ಕೆ ಅಡ್ಡ. ಇಬ್ಬರೂ ಒಬ್ಬರಿಗೊಬ್ಬರು 'ರಿ' ಹಚ್ಚಿಯೇ ಬೈದಾಡುತ್ತಿದ್ದರು.

"ರೊಟ್ಟಿ ರೊಕ್ಕಾ ಕೊಡ್ತೇನಿ, ತಗೋರಿ," ಎಂದ.

"ನಿಮ್ಮ ರೊಕ್ಕಾ ಯಾರಿಗೆ ಬೇಕು? ಸೋಮವಾರ ನನ್ನ ರೊಟ್ಟಿ ಅಂಗಡಿ ರಸ್ತಾದ ಮ್ಯಾಲ ಬರ್ತೈತಿ. ಗ್ಯಾಸಿನ ಒಲಿ ತುಕ್ಕ ಹಿಡದು ಕೂತಾವ. ಹೊಸಾವ ಮಾಡಿ ಕೊಡ್ರಿ."

"ಮಾಡ್ತೇನಿ. ಆದ್ರ ಮ್ಯಾಲ ನಿಂತು ಒದರಬಾರದು."

"ಒದರ್ತೇನಿ," ಎಂದು ಬುಟ್ಟಿಯನ್ನು ಅಲ್ಲೇ ಅವನ ಪಾದದ ಹತ್ತಿರ ಕುಕ್ಕಿ ಬಂದಳು.

ಅಷ್ಟು ಸಿಟ್ಟು ಬರೀ ರೊಟ್ಟಿಯದಾಗಿರಲಿಲ್ಲ. ಎರಡು ವರ್ಷದ ಹಿಂದೆ ಅವಳಿಗೆ ಕಾಖಂಡಕಿಯ ಒಂದು ಸಂಬಂಧ ಗೊತ್ತಾಗಿತ್ತು. ನಿಶ್ಚಯದ ದಿನ ಬೀಗರು ಬಂದ ಗಡಿಬಿಡಿಯಲ್ಲಿ ಚಹಾದ ಪಾತ್ರೆ ಇಳಿಸಿದವಳು ಒಲೆ ಆರಿಸುವುದನ್ನೇ ಮರೆತಳು. ಮೇಲೆ ಏನೂ ಇಲ್ಲದ ಒಲೆ ಉರಿಯುತ್ತಲೇ ಇತ್ತು. ವರನ ಸೋದರತ್ತೆ ನೀರು ಕುಡಿಯಲು ಒಳಗೆ ಬಂದವಳು ಅದನ್ನು ಕಂಡು ಎದೆ ಹಿಡಿದುಕೊಂಡಳು. ಖಾಲಿ ಒಲೆ ಉರಿದರೆ ಆ ಮನೆಯಲ್ಲಿ ಉಣ್ಣುವವರು ಉಳಿಯುವುದಿಲ್ಲ ಎಂಬ ಮಾತು ಈ ಕಡೆ ಯಾರಿಗೆ ಗೊತ್ತಿಲ್ಲ? ವಾರದೊಳಗೆ ಸಂಬಂಧ ಮುರಿಯಿತು. ಹುಡುಗನಿಗೆ ಬೇರೆ ಯಾರದೋ ಮೇಲೆ ಮನಸ್ಸಿತ್ತೆಂದು ಆಮೇಲೆ ಗೊತ್ತಾಯಿತು, ಆದರೆ ಯಾರಿಗೆ ಬೇಕಿತ್ತು ಆ ಸುದ್ದಿ? ಹೆಸರಿಗೆ ಸುಮಂಗಲಾ, ಊರ ಬಾಯಲ್ಲಿ 'ಖಾಲಿ ಒಲಿ ಉರಿಸಿದಾಕಿ.'

ತಾಯಿ ತೀರಿದ ಮೇಲೆ ಅವಳನ್ನು ಸಾಕಿದ ದೊಡ್ಡವ್ವ ತಿಪ್ಪವ್ವನೂ ಅದನ್ನೇ ನಂಬಿದ್ದಳು. ಮಮದಾಪುರದಲ್ಲಿ ಹೆಂಡತಿ ಸತ್ತವನೊಬ್ಬನನ್ನು ಗೊತ್ತು ಮಾಡಿಟ್ಟುಕೊಂಡು ಕೂತಿದ್ದಳು. "ನಿನ್ನ ಅಂಗಡಿ ನಡೀತಂದ್ರ ನಾ ಬಾಯಿ ಮುಚ್ಚತೇನಿ. ನಡೀಲಿಲ್ಲಂದ್ರ ನೀ ಬಾಯಿ ಮುಚ್ಚಿ ಹಾರ ಹಾಕಸ್ಕೋ," ಎಂದಿದ್ದಳು. ಸೋಮವಾರದ ಮೇಲೆ ಸುಮಂಗಲಾಳ ಜೀವವೇ ನಿಂತಿತ್ತು.

ಶನಿವಾರ ಬೆಳಿಗ್ಗೆ ಪರಮೇಶ್ವರ ಬಂದ. ಹಿತ್ತಲಲ್ಲಿ ಒಲೆಗಳನ್ನು ಮಗುಚಿ, ತಂತಿಯ ಬ್ರಶ್ಶಿನಿಂದ ತುಕ್ಕು ಕೆರೆದ. ಸೋಪಿನ ನೀರು ಹಾಕಿ ಜಿಡ್ಡು ತೊಳೆದ. ಬರ್ನರಿಗೆ ಬಣ್ಣ ತಾಗದಂತೆ ಕಾಗದ ಸುತ್ತಿದ. ಸುಮಂಗಲಾ ಬಾಗಿಲಿಗೆ ಆತುಕೊಂಡು ನಿಂತು ತಪ್ಪು ಹುಡುಕಿದಳು.

"ಆ ಮೂಲಿ ಬಿಟ್ಟೀರಿ."

"ನೋಡೇನಿ."

"ನೋಡಿದ್ರ ಯಾಕ ಬಿಟ್ಟೀರಿ?"

"ನಿಮಗೂ ಏನರ ಕೆಲಸ ಬೇಕಲ್ಲ."

ಅವನು ಕೈಗೆತ್ತಿಕೊಂಡ ಡಬ್ಬಿ ಕಪ್ಪು ಬಣ್ಣದ್ದು. ಅದನ್ನು ಕಂಡು ಸುಮಂಗಲಾ ಮೆಟ್ಟಿಲಿಳಿದೇ ಬಂದಳು. "ಛಲೋ ಕೆಲಸಕ್ಕ ಕರೇ ಬಣ್ಣೇನ್ರಿ? ಬುದ್ಧಿ ಐತಿಲ್ಲೋ?"

"ಒಲಿಗೆ ಕರೇದ ಛಲೋ ನಿಲ್ತೈತಿ. ಒಲಿ ಏನ್ ಮದಿವಿಗೆ ಹೊಂಟೈತೇನು?"

ಮದುವೆಯ ಮಾತು ಅವಳಿಗೆ ಚುರುಕ್ ಎಂದಿತು. ಮುಖ ಗಂಟಿಕ್ಕಿದಳು. ಅವನು ಅದನ್ನು ನೋಡಿದ, ಅಂಗಡಿಯಲ್ಲಿ ತೀರಿಹೋಗಿದ್ದ ಬೆಳ್ಳಿ ಬಣ್ಣಕ್ಕಾಗಿ ಬೈಕು ಹತ್ತಿ ವಿಜಯಪುರಕ್ಕೆ ಹೋದ, ಮಧ್ಯಾಹ್ನದ ಹೊತ್ತಿಗೆ ಡಬ್ಬಿ ತಂದ. ಒಂದು ಮಾತಾದರೂ ಜಗಳವಾಡಿ ಹೋಗಬಾರದಿತ್ತೇ ಎಂದು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಅವನು ಸ್ಪ್ರೇ ಹೊಡೆಯತೊಡಗಿದ. ಒಮ್ಮೆ ತೆಳ್ಳಗೆ, ಆರಿದ ಮೇಲೆ ಮತ್ತೊಮ್ಮೆ ತೆಳ್ಳಗೆ. ಕಾಣುತ್ತಿದ್ದದ್ದು ಕಣ್ಣು ಮಾತ್ರ. ಹುಬ್ಬಿನ ಮೇಲೆ, ರೆಪ್ಪೆಯ ತುದಿಯಲ್ಲಿ ಬೆಳ್ಳಿಯ ಧೂಳು ಕೂತಿತ್ತು. ಸುಮಂಗಲಾ ನೋಡಬಾರದೆಂದುಕೊಂಡೇ ನೋಡಿದಳು. ಅವನು ತಟ್ಟನೆ ತಲೆ ಎತ್ತಿದ.

"ಏನು?"

"ಏನಿಲ್ಲ. ಮುದುಕ ಆದ್ರ ಹಿಂಗ ಕಾಣ್ತೀರಿ. ಕೆಟ್ಟ ಕಾಣ್ತೀರಿ."

"ಅಲ್ಲೀತನಾ ನೋಡವ್ರು ಯಾರರ ಇದ್ರ ಆತು."

ಅವಳು ಒಳಗೆ ಹೋಗಿ, ಬೇಡದಿದ್ದರೂ ಹಿಟ್ಟು ಸಾಣಿಸುತ್ತ ಕೂತಳು.

ಸಂಜೆಗೆ ಒಲೆಗಳು ಹೊಸ ಸಾಮಾನಿನಂತೆ ಥಳಥಳ ಹೊಳೆದವು. ಚೆನ್ನಾಗಿದೆ ಎಂದು ಹೇಳಿಬಿಡೋಣ, ಹೋಗಲಿ ಪಾಪ ಎಂದು ಅವಳು ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಅವನು ಕೈ ಒರೆಸಿಕೊಳ್ಳುತ್ತ ಹೇಳಿದ:

"ಇವತ್ತ ಆರಲಿ. ನಾಳೆ ಮೂರು ಸಲ ಖಾಲಿ ಒಲಿ ಉರಸ್ರಿ. ಮೊದಲ ಸಣ್ಣ ಉರಿ, ಆಮ್ಯಾಲ ನಡುತರದ್ದು, ಕಡೀಕ ದೊಡ್ಡದು."

"ಏನಂದ್ರಿ?"

"ಖಾಲಿ ಒಲಿ ಉರಸ್ರಿ ಅಂದೆ. ಯಾಕ, ನಿಮಗೇನ ಹೊಸದಾ?"

ದಿನವೂ ಒಲೆಯ ಮುಂದೆ ಕೂರುವವಳಿಗೆ ಇದೇನು ದೊಡ್ಡ ಕೆಲಸ ಎಂದು ಅವನು ಅಂದಿದ್ದ. ಅವಳ ಕಿವಿಗೆ ಬಿದ್ದದ್ದೇ ಬೇರೆ. ಇವನೂ ಕೇಳಿದ್ದಾನೆ. ಊರವರು ಬೆನ್ನ ಹಿಂದೆ ಆಡುವುದನ್ನು ಇವನು ಮುಖಕ್ಕೇ ಆಡಿದ.

"ಹೊರಗ ನಡೀರಿ."

"ಏನಾತ್ರೀ ಈಗ?"

"ನಡೀರಿ ಅಂದೆ! ಮತ್ತ ಈ ಹೊಸ್ತಲಾ ತುಳದ್ರ ಕಾಲ ಮುರೀತೇನಿ."

ಅವನ ಮುಖ ಗಟ್ಟಿಯಾಯಿತು. "ಉಪಕಾರ ಮಾಡಾಕ ಬಂದಾಂವಗ ಛಲೋ ಮರ್ಯಾದಿ," ಎಂದು ಡಬ್ಬಿ ಎತ್ತಿಕೊಂಡು ಹೋದ. ಯಾಕೆ ಉರಿಸಬೇಕೆಂದು ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ಇಬ್ಬರ ಬಿಗುಮಾನಕ್ಕೂ ಅಷ್ಟು ಸಾಕಾಗಿತ್ತು.

ಸೋಮವಾರ ಬೆಳಿಗ್ಗೆ ರಸ್ತೆಯ ಬದಿಗೆ ಒಲೆ ಬಂದವು. ಬಸ್ಸಿಗೆ ಕಾಯುವವರು, ಓಣಿಯ ಹೆಂಗಸರು, ಹತ್ತಾರು ಜನ ಸೇರಿದರು. ಖಾಲಿ ಒಲೆ ಒಂದು ಕ್ಷಣವೂ ಉರಿಯಬಾರದೆಂದು ಸುಮಂಗಲಾ ಮೊದಲೇ ಹಂಚು ಇಟ್ಟು, ಆಮೇಲೆ ಬೆಂಕಿ ಹಚ್ಚಿದಳು. ಮೊದಲ ರೊಟ್ಟಿ ಬಡಿದು ಹಾಕುವಷ್ಟರಲ್ಲಿ ಒಲೆಯ ಸುತ್ತ ಹೊಗೆ ಎದ್ದಿತು. ಕಣ್ಣು ಉರಿಸುವ, ಗಂಟಲು ಹಿಡಿಯುವ ಹೊಗೆ. ಹಂಚು ಎತ್ತಲು ಹೋದರೆ ಅದು ಬಣ್ಣಕ್ಕೆ ಅಂಟಿಕೊಂಡು ಒಲೆಯೇ ಜೊತೆಗೆ ಎದ್ದುಬಂತು. ಬೆಳ್ಳಿಯ ಸಿಪ್ಪೆ ಕಿತ್ತು ಹಳೆಯ ಕಬ್ಬಿಣ ಹಲ್ಲು ಕಿರಿಯಿತು. ಜನ ಸೆರಗು, ಟವೆಲ್ಲು ಮೂಗಿಗೆ ಹಿಡಿದು ಹಿಂದೆ ಸರಿದರು.

"ಹಣೀಬಾರ ಬೇ ನಿಂದು," ಎಂದಳು ತಿಪ್ಪವ್ವ. "ನಾಳಿಗೇ ಮಮದಾಪುರಕ್ಕ ಹೇಳಿ ಕಳಸ್ತೇನಿ."

ಸುಮಂಗಲಾ ಹಿಟ್ಟಿನ ಕೈಯಲ್ಲೇ ಪಕ್ಕದ ಅಂಗಡಿಗೆ ನಡೆದಳು.

"ಆತಿಲ್ಲೋ ನಿನ್ನ ಹೊಟ್ಟಿ ತಣ್ಣಗ? ಊರ ಮಂದಿ ಮುಂದ ನನ್ನ ಮಾನಾ ಕಳದಿ!"

'ರಿ' ಎಲ್ಲೋ ಉದುರಿಹೋಗಿತ್ತು. ಅವನು ಗೋಡೆಯ ಮೇಲಿಂದ ಹೊಗೆಯನ್ನು ನೋಡಿ ಹಣೆ ಚಚ್ಚಿಕೊಂಡ. "ಉರಸಿದಿಲ್ಲೋ? ಬಣ್ಣ ಒಳಗ ಹಸೀನ ಇರ್ತೈತಿ. ಬೆಂಕ್ಯಾಗ ಬೇಯಬೇಕು ಅದು. ಅದಕ್ಕ ಖಾಲಿ ಉರಸು ಅಂದಿದ್ದೆ!"

"ಯಾಕ ಅಂತ ಹೇಳಿದ್ದೇನು?"

ಅವನು ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟ.

"ಹೇಳಂಗಿಲ್ಲ. ಯಾಕಂದ್ರ ನಿನಗ ಚುಚ್ಚಬೇಕಿತ್ತು. ನನ್ನ ನಿಶ್ಚಯದ ದಿನ ಒಲಿ ಉರದ ಕಥಿ ಯಾರ ಹೇಳಿದ್ರು ನಿನಗ? ಹೇಳು, ಯಾರು?"

"ಯಾವ ಕಥಿ?"

ಅವನ ಕಣ್ಣಲ್ಲಿ ಕಳ್ಳತನವಿರಲಿಲ್ಲ. ಅವನಿಗೆ ಏನೂ ಗೊತ್ತಿರಲಿಲ್ಲ. ಹೇಳಿಕೊಟ್ಟವಳು ತಾನೇ, ಈಗ, ಇಲ್ಲಿ ನಿಂತು. ಸುಮಂಗಲಾಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಉಳಿದದ್ದನ್ನೂ ಹೇಳಿಬಿಟ್ಟಳು, ಬೈಗುಳ ಹೇಳಿದ ಹಾಗೆ, ಒಂದೇ ಉಸಿರಿಗೆ. ಕಣ್ಣೀರು ಬಂತು. ಹಿಟ್ಟಿನ ಕೈಯಿಂದ ಒರೆಸಿಕೊಂಡದ್ದಕ್ಕೆ ಕೆನ್ನೆಯೆಲ್ಲ ಬೆಳ್ಳಗಾಯಿತು.

"ಮನ್ಯಾಗ ಇಂಥಾ ಹುಡಿಗಿ ಇದ್ದಾಗ ಒಲಿ ನೋಡಕೋತ ನಿಂತಿದ್ರಾ ಅವ್ರು?" ಎಂದ ಅವನು ಮೆಲ್ಲಗೆ.

"ನಿನ್ನ ಕನಿಕರ ನೀನ ಇಟಗೋ!" ಎಂದು ಹೊರಟು ಬಂದಳು.

ಸಂಜೆ ಅವನು ಮೂರು ಗಾಲಿಯ ಟಂಟಂ ಗಾಡಿ ತಂದು ಒಲೆಗಳನ್ನು ಹೇರಿಕೊಂಡು ಹೋದ. ಪಕ್ಕದ ಅಂಗಡಿಗೆ ಟಂಟಂ ಯಾಕೆ ಎಂದು ಅವಳು ಕೇಳಲಿಲ್ಲ, ಕೇಳುವ ಮುಖವಿರಲಿಲ್ಲ. ಮರುದಿನ ಅವನ ಅಂಗಡಿಯ ಬಾಗಿಲೂ ತೆರೆಯಲಿಲ್ಲ.

ಬುಧವಾರ ಬೆಳಗಾಗುತ್ತಲೇ ಸುಮಂಗಲಾ ಬಬಲೇಶ್ವರದ ಹಾದಿ ಹಿಡಿದಳು. ಒಲೆ ತನ್ನವು, ಕೇಳುವ ಹಕ್ಕಿದೆ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜಗಳ ಕಟ್ಟಿಕೊಂಡು ಹೋದಳು. ವಿಚಾರಿಸಿಕೊಂಡು ಅವನ ಮನೆ ಮುಟ್ಟಿದಾಗ ಆ ಜಗಳವೆಲ್ಲ ಮರೆತುಹೋಯಿತು.

ಒಂದೇ ಕೋಣೆಯ ಮನೆ. ಅದರ ಅಂಗಳದಲ್ಲಿ, ಹೊಸ್ತಿಲಿನ ಎದುರಿಗೇ, ಹೊಸದಾಗಿ ಮತ್ತೆ ಬೆಳ್ಳಿ ಬಣ್ಣ ಹೊಡೆದ ಅವಳ ಒಲೆಗಳು ಸಾಲಾಗಿ ಉರಿಯುತ್ತಿದ್ದವು. ಮೇಲೆ ಹಂಚಿಲ್ಲ, ಪಾತ್ರೆಯಿಲ್ಲ. ಬಣ್ಣದ ಹೊಗೆ ನೇರವಾಗಿ ಅವನ ಬಾಗಿಲೊಳಗೆ ಹೋಗುತ್ತಿತ್ತು. ಅವನು ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಿದ್ದ.

"ಹುಚ್ಚ ಹಿಡದೈತೇನು ನಿನಗ? ನಿನ್ನ ಮನಿ ಮುಂದ ಖಾಲಿ ಒಲಿ ಉರಸಾಕತ್ತೀಯಲ್ಲ!"

"ಉರಸಲಾರದ ಬಣ್ಣ ನಿಲ್ಲಂಗಿಲ್ಲ. ನಿನ್ನ ಮನ್ಯಾಗ ಉರಸಾಕ ನಿನಗ ಅಂಜಿಕಿ. ಕೆಟ್ಟದ್ದು ಬರೂದಿದ್ರ ಇಲ್ಲಿ ಬರ್ಲಿ," ಎಂದ. "ನಾ ಒಬ್ಬಾಂವ. ಹೋಟೆಲ್‌ದಾಗ ಉಣ್ಣಾಂವ. ಬಂದ್ರೂ ಏನ್ ಒಯ್ತೈತಿ?"

"ಒಬ್ಬಾಂವ ಅಂತ ಹಿಂಗ ಮಾಡೂದಾ? ನಾಳೆ ಈ ಮನಿಗೆ ಬರಾಕಿ ಗತಿ ಏನು?"

"ಅದನ್ನ ಬರಾಕಿನ್ನ ಕೇಳಬೇಕು." ಅವನು ಎದ್ದು ನಿಂತ. ಕಣ್ಣು ಹೊಗೆಗೆ ಕೆಂಪಾಗಿದ್ದವು. "ಕೇಳಾಕತ್ತೇನಿ, ಸುಮಂಗಲಾ. ಬರ್ತೀಯೇನು?"

ಅವಳಿಗೆ ಅವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಪ್ರೀತಿಯೂ ಬಂತು, ಅದನ್ನು ಮುಚ್ಚಿಡುವುದೇಕೆ? ತನ್ನ ಪಾಲಿನ ಕೆಡುಕನ್ನು ಯಾರೂ ಇಷ್ಟು ಹಗುರಾಗಿ ಎತ್ತಿ ತಮ್ಮ ಅಂಗಳಕ್ಕೆ ಹೊತ್ತುಕೊಂಡು ಹೋಗಿರಲಿಲ್ಲ. ಆದರೆ ಬಾಯಿಂದ ಹೊರಟದ್ದು ಬೈಗುಳವೇ.

"ಕೇಳೂ ಹೊತ್ತೇನೋ ಇದು, ಹೊಗಿ ಒಳಗ ನಿಂತು? ಎಷ್ಟನೇ ಸಲದ್ದು ಈ ಉರಿ?"

"ಎರಡನೇದು. ಇನ್ನೊಂದ ಉಳದೈತಿ. ದೊಡ್ಡದು."

"ಆರಸು. ತಣ್ಣಗ ಆದ ಮ್ಯಾಲ ಟಂಟಂದಾಗ ಹೇರು. ಅದನ್ನ ನಾ ಉರಸ್ತೇನಿ, ನಮ್ಮ ಮನಿ ಮುಂದ."

"ಮಂದಿ ನೋಡ್ತಾರ."

"ನೋಡ್ಲಿ ಅಂತ ಹೇಳಾಕತ್ತೇನಿ. ನೀ ಒಬ್ಬಾಂವನ ಯಾಕ ಹೊರಬೇಕು?"

ದಾರಿಯಲ್ಲಿ ಒಲೆಗಳ ಆಚೆ ಅವನು, ಈಚೆ ಇವಳು. ಅವನು ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ಇವಳು ಕಣ್ಣು ಬಿಟ್ಟು ಹೆದರಿಸಿದಳು. ಆಮೇಲೆ ತಾನೇ ಬೇರೆ ಕಡೆ ತಿರುಗಿ ನಕ್ಕಳು.

ತಿಕೋಟಾದ ರಸ್ತೆಯ ಬದಿಗೆ ಒಲೆ ಇಳಿದಾಗ ಮತ್ತೆ ಜನ ಸೇರಿದರು. ಸುಮಂಗಲಾ ಹಂಚುಗಳನ್ನು ಎತ್ತಿ ಗೋಡೆಗೆ ಒರಗಿಸಿಟ್ಟಳು. ಒಂದಾದ ಮೇಲೊಂದರಂತೆ ಬೆಂಕಿ ಹಚ್ಚಿದಳು. ಏನೂ ಇಲ್ಲದ ಒಲೆಗಳ ಮೇಲೆ ಉರಿ ನೀಲಿಯಾಗಿ ಎದ್ದಿತು. ಓಣಿಯ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಒಳಗಿನಿಂದ ತಿಪ್ಪವ್ವ ಸೆರಗು ಸರಿಪಡಿಸಿಕೊಳ್ಳುತ್ತ ಓಡಿ ಬಂದಳು.

"ಯವ್ವಾ ಬೇ, ಆರಸು! ಖಾಲಿ ಒಲಿ ಉರದ್ರ ಮನ್ಯಾಗ ಉಣ್ಣಾವ್ರು ಇರಂಗಿಲ್ಲ ಅಂತ ಎಷ್ಟ ಸಲ ಹೇಳಲಿ ನಿನಗ?"

"ಉಣ್ಣಾಂವ ಇಲ್ಲೇ ನಿಂತಾನಲ್ಲ ದೊಡ್ಡವ್ವಾ, ನಿನಗ ಕಣ್ಣ ಕಾಣಸಂಗಿಲ್ಲೇನು?"

ತಿಪ್ಪವ್ವ ಪರಮೇಶ್ವರನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನು ಎಲ್ಲರ ಎದುರಿಗೇ ಒಂದು ಹೆಜ್ಜೆ ಮುಂದೆ ಬಂದು ಸುಮಂಗಲಾಳ ಮಗ್ಗುಲಿಗೆ ನಿಂತ. ಅವಳು ಅವನ ಕಡೆ ತಿರುಗಲಿಲ್ಲ. ಬಗ್ಗಿ, ಉರಿಯನ್ನು ಇನ್ನಷ್ಟು ದೊಡ್ಡದು ಮಾಡಿದಳು.